ಮಂಜು, ಮಬ್ಬು, ಮಂಕು

ಮಾಗಿಯ ಬೆಳಗಿನಲ್ಲಿ ಅಂಗಳಕ್ಕಿಳಿದರೆ ಎದುರಿನ ತೆಂಗಿನ ಮರವೇ ಕಾಣದು. ಕಣ್ಣಿನ ನೋಟವು ಒಂದು ಕಿಲೋಮೀಟರಿಗಿಂತ ಕಡಮೆಯಾದಾಗ ಮಾತ್ರ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ನುಡಿಗೆ ಅಷ್ಟು ಬಿಗಿಯಿಲ್ಲ. ಗಾಳಿಯಲ್ಲಿ ತೇಲುವುದೂ ಮಂಜು, ಹಿಮಾಲಯದ ಮೇಲೆ ಬೀಳುವುದೂ ಮಂಜು. ಹುಲ್ಲಿನ ಮೇಲೆ ನಿಂತ ಹನಿಗೆ ಇಬ್ಬನಿಯೆಂಬ ಬೇರೆ ಹೆಸರಿರುವುದೇ ಒಂದು ಸಮಾಧಾನ. ಅಮರಸಿಂಹನಾದರೋ ನೀಹಾರ, ತುಷಾರ, ಹಿಮ, ಅವಶ್ಯಾಯ ಮೊದಲಾದ ಏಳು ಶಬ್ದಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದಿಟ್ಟನು. ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡಿದ ನಮಗೆ, ಇವುಗಳಲ್ಲಿ ತೇಲುವುದಾವುದು, ಬೀಳುವುದಾವುದು ಎಂದು ಗುರುಗಳನ್ನು ಕೇಳುವ ಧೈರ್ಯವಿರಲಿಲ್ಲ. (ಹೆಣ್ಣುಮಕ್ಕಳಿಗೆ ಇಡುವ ಮಂಜು ಎಂಬ ಹೆಸರು ಬೇರೆ, ಅದು ಮನೋಹರವೆಂಬ ಅರ್ಥದ ಸಂಸ್ಕೃತ ಶಬ್ದ.)

ಹೊರಗಿನ ಮಂಜು ಮನುಷ್ಯನ ಬುದ್ಧಿಯೊಳಕ್ಕೆ ನುಗ್ಗಿದ್ದು ಇಂದು ನಿನ್ನೆಯ ಮಾತಲ್ಲ. ಋಗ್ವೇದದ 10ನೆಯ ಮಂಡಲದ 82ನೆಯ ಸೂಕ್ತದಲ್ಲಿ, ಜಗತ್ತನ್ನು ಹುಟ್ಟಿಸಿದವನನ್ನು ಅರಿಯದವರು ನೀಹಾರದಲ್ಲಿ ಮುಸುಕಿಹೋಗಿ ಹರಟುತ್ತ ಅಲೆಯುವರೆಂಬ ಅಭಿಪ್ರಾಯವಿದೆ. ಮಂಜಿನ ಜತೆಗೆ ಹರಟೆಯನ್ನೂ ಸೇರಿಸಿದ್ದು ನಮಗೆ ಬಹಳ ಹಿಡಿಸಿದೆ. ಇನ್ನು ‘ಮುಹ್’ ಧಾತುವಿನಿಂದ ಮೋಹ. ಅದರಿಂದಲೇ ಮೂಢ, ಅದರಿಂದಲೇ ಮುಗ್ಧ. ಪಾಣಿನಿಯು ಎರಡು ರೂಪಗಳಿಗೂ ಅವಕಾಶ ಕೊಟ್ಟನು. ಲೋಕವು ಒಂದನ್ನು ಬೈಗುಳಕ್ಕೆ ಇಟ್ಟುಕೊಂಡು ಇನ್ನೊಂದನ್ನು ಮಗುವಿನ ಮುಖಕ್ಕೆ ಕೊಟ್ಟಿತು.

ಕನ್ನಡದಲ್ಲಿ ಈ ವ್ಯವಹಾರವೆಲ್ಲ ಕಣ್ಣಿನ ಸುತ್ತಲೇ ನಡೆಯುತ್ತದೆ. ಮುಪ್ಪಿನಿಂದಲೋ ಕಣ್ಣೀರಿನಿಂದಲೋ ಕಣ್ಣು ಮಂಜಾಗುತ್ತದೆ; ಬೆಳಕು ಮಬ್ಬಾಗುತ್ತದೆ; ದೀಪ ಮಂಕಾಗುತ್ತದೆ; ಬುದ್ಧಿಗೂ ಅದೇ ಮಂಕು ಕವಿಯುತ್ತದೆ. ಮೋಸಗಾರನು ಮಂಕುಬೂದಿ ಎರಚುವುದೂ ಕಣ್ಣಿಗೇ. ಮಾತುಗಳು ಹೀಗೆ ಮಗ್ಗುಲಲ್ಲಿಯೇ ಇರುವುದರಿಂದ ಒಂದರ ಬದಲು ಇನ್ನೊಂದು ಬಾಯಿಗೆ ಬಂದುಬಿಡುತ್ತದೆ.

ನಾವು ಉಪಾಧ್ಯಾಯರಾಗಿದ್ದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಕರಿಹಲಗೆಯ ಮೇಲಿನದನ್ನು ಸದಾ ತಪ್ಪುತಪ್ಪಾಗಿ ಬರೆದುಕೊಳ್ಳುತ್ತಿದ್ದನು. ಎರಡು ವರ್ಷ ಅವನನ್ನು ‘ಮಂಕ’ ಎಂದೇ ಕರೆದೆವು. ತರಗತಿಯೂ ಹಾಗೆಯೇ ಕರೆಯಿತು. ಒಂದು ದಿನ ಅವನ ತಾಯಿ ಶಾಲೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಹುಡುಗನಿಗೆ ದೂರದ್ದೆಲ್ಲ ಮಂಜುಮಂಜಾಗಿ ಕಾಣುತ್ತದಂತೆ” ಎಂದರು. ಕನ್ನಡಕ ಬಂದ ವಾರದಲ್ಲಿಯೇ ಬರವಣಿಗೆ ಸರಿಹೋಯಿತು. ಅಡ್ಡಹೆಸರು ಮಾತ್ರ ಅವನು ಶಾಲೆ ಬಿಡುವವರೆಗೂ ಹೋಗಲಿಲ್ಲ.