ಆಷಾಢದ ಗಾಳಿಯಲ್ಲಿ ಖಾಲಿ ಕ್ರೇಟೇ ಅಪಾಯ

ಗಾಳಿ ಬಂದಾಗ ತೂರಿಕೋ ಅನ್ನೋದು ಕಣದ ಮಾತು. ಬೈಕಿಗೆ ಅದು ನಡೆಯಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಮಾರ್ಕೆಟ್‌ಗೆ ಟೊಮೇಟೊ ಹಾಕಿ ವಾಪಸ್ ಬರುವಾಗ ಕೆರೆ ಏರಿ ಮೇಲೆ ಬಿದ್ದೆ. ಸ್ಪೀಡು ನಲವತ್ತೂ ಇರಲಿಲ್ಲ. ಹಿಂದೆ ಇದ್ದದ್ದು ಆರು ಖಾಲಿ ಕ್ರೇಟು: ನನ್ನವು ಮೂರು, ಪಕ್ಕದ ತೋಟದವರವು ಮೂರು. ಬೆಳಿಗ್ಗೆ ಅದೇ ಏರಿ ಮೇಲೆ ಮೂರು ತುಂಬಿದ ಕ್ರೇಟು ಹೇರಿಕೊಂಡು ಆರಾಮಾಗಿ ಹೋಗಿದ್ದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಕೊಯ್ಲಿನ ಟೈಮು ಬೇರೆ, ಪೂರಾ ಕೂಲಿ ಮೇಲೇ ನಡೀತು.

ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯ್ತು, ತಪ್ಪು ಎಲ್ಲಿ ಅಂತ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ನೂಕು ನಾಲ್ಕು ಪಟ್ಟಾಗುತ್ತೆ. ಒಂದು ಚದರ ಮೀಟರ್ ಅಗಲದ ಹೊರೆಗೆ ಗಂಟೆಗೆ 20 ಕಿ.ಮೀ. ವೇಗದ ಅಡ್ಡಗಾಳಿ ಹೊಡೆದರೆ ಸುಮಾರು 2 ಕೆ.ಜಿ. ನೂಕು. ಅದೇ 40 ಕಿ.ಮೀ. ಆದರೆ 8-9 ಕೆ.ಜಿ. ಅದೂ ಸೀಟಿಗಿಂತ ಮೇಲೆ, ಒಂದೇ ಏಟಿಗೆ. ಕ್ರೇಟಿನ ಸಂದಿಯಲ್ಲಿ ಸ್ವಲ್ಪ ಗಾಳಿ ಹಾದು ಹೋಗುತ್ತೆ, ಮೇವಿನ ಹೊರೆಯಲ್ಲಿ ಅದೂ ಇಲ್ಲ.

ಇನ್ನೊಂದು ವಿಷಯ. ಗಾಳಿ ಬೆಳಗಿನ ಜಾವ ಕಡಿಮೆ, ಬಿಸಿಲು ಏರಿದ ಹಾಗೆ ಜೋರು. ಹಿಂದೂಪುರಕ್ಕೋ ಮಧುಗಿರಿಗೋ ಹೋಗುವ ನಮ್ಮ ಕೊಡಿಗೇನಹಳ್ಳಿ ಕಡೆಯ ಹುಡುಗರು ಏನು ಮಾಡ್ತೀವಿ? ಭಾರ ಇಟ್ಟುಕೊಂಡು ತಣ್ಣನೆ ಹೊತ್ತಲ್ಲಿ ಹೋಗ್ತೀವಿ. ಹಗುರಾದ, ಎತ್ತರದ ಖಾಲಿ ಕ್ರೇಟು ಕಟ್ಟಿಕೊಂಡು ಗಾಳಿ ಹೊತ್ತಲ್ಲಿ ಬರ್ತೀವಿ. ಖಾಲಿ ಅಂತ ಸ್ಪೀಡು ಬೇರೆ!

ನನ್ನ ಮಾತು ಇಷ್ಟೇ: ಆಷಾಢ, ಶ್ರಾವಣದಲ್ಲಿ ಬೈಕ್ ಮೇಲೆ ಎತ್ತರದ ಹೊರೆ ಬೇಡ, ಖಾಲಿ ಕ್ರೇಟಂತೂ ಬೇಡವೇ ಬೇಡ. ಅಕ್ಕಪಕ್ಕದ ನಾಲ್ಕು ಜನ ಸೇರಿ ಲಗೇಜ್ ಆಟೋ ಮಾಡಿ, ಕ್ರೇಟು ಅದರಲ್ಲೇ ಹೋಗಲಿ, ಅದರಲ್ಲೇ ಬರಲಿ.

"ರೇಟೇ ಇಲ್ಲ, ಬಾಡಿಗೆ ಎಲ್ಲಿಂದ ತರೋದು ಅಣ್ಣಾ" ಅಂತೀರಿ, ನಿಜ. ನಾನೂ ಹಾಗೇ ಅಂದುಕೊಂಡು ಉಳಿಸಿದ್ದೆ. ಉಳಿಸಿದ್ದೆಲ್ಲ ಆಸ್ಪತ್ರೆಗೆ ಹೋಯ್ತು.

ಒಂದೆರಡು ಹಸು ಇಟ್ಟವರಿಗೆ ದಿನಾ ಮೇವು ತರಲೇಬೇಕು, ಅದಕ್ಕೆ ಆಟೋ ಆಗಲ್ಲ. ಅವರು ಬೆಳಿಗ್ಗೆ ಏಳೆಂಟು ಗಂಟೆಯೊಳಗೆ ತನ್ನಿ. ಹೊರೆ ಸೀಟಿಗಿಂತ ಎತ್ತರ ಹೋಗದ ಹಾಗೆ ಎರಡೂ ಕಡೆ ಸಮ ಕಟ್ಟಿ. ಒಂದು ದೊಡ್ಡ ಟ್ರಿಪ್ಪಿಗಿಂತ ಎರಡು ಚಿಕ್ಕದು ಮೇಲು.

ಬರೀ ಗಾಡಿ ಓಡಿಸುವಾಗಲೂ ಇದು ನೆನಪಿರಲಿ. ಈ ಕಾಲದ ಗಾಳಿ ಪಡುವಣದಿಂದ ಬರೋದು, ಹಾಗಾಗಿ ಉತ್ತರ-ದಕ್ಷಿಣ ಹೋಗುವ ರಸ್ತೆಯಲ್ಲಿ ಪಕ್ಕದಿಂದಲೇ ಹೊಡೆತ. ಗುಡ್ಡ, ತೋಪು, ಮನೆಸಾಲು ಮುಗಿಯುವ ಜಾಗದಲ್ಲಿ, ಕೆರೆ ಏರಿ ಮತ್ತು ಸೇತುವೆ ಮೇಲೆ ಗಾಳಿ ದಿಢೀರ್ ಅಂತ ತಳ್ಳುತ್ತೆ. ಅಲ್ಲಿಗೆ ಬರುವ ಮೊದಲೇ ಸ್ಪೀಡು ಇಳಿಸಿ. ಬಸ್ಸು, ಲಾರಿ ಹಿಂದೆ ಹಾಕಿ ಮುಂದೆ ಬಂದ ಕೂಡಲೇ ಇದೇ ಕಥೆ. ಹ್ಯಾಂಡಲ್ ಬಿಗಿಯಾಗಿ ಹಿಡಿದು ಗುದ್ದಾಡಬೇಡಿ. ಮಂಡಿಯಲ್ಲಿ ಟ್ಯಾಂಕ್ ಒತ್ತಿ, ಕೈ ಸಡಿಲ ಬಿಡಿ. ರಸ್ತೆ ಅಂಚಿಗೆ ಅಂಟಿಕೊಂಡು ಹೋಗಬೇಡಿ, ಸರಿಯೋಕೆ ಜಾಗ ಇರಲಿ. ಹೆಲ್ಮೆಟ್ ಗಾಜು ಇಳಿಸಿ, ಧೂಳು ಕಣ್ಣಿಗೆ ಬಿದ್ದರೆ ಮುಗೀತು. ಹಿಂದೆ ಕೂತ ಅಮ್ಮನ ಸೆರಗು, ನಿಮ್ಮ ಟವೆಲ್ಲು ಬಿಗಿಯಾಗಿ ಸಿಕ್ಕಿಸಿ. ಜೋರಾದರೆ ನಿಲ್ಲಿಸಿ, ಆದರೆ ಹುಣಸೆ ಮರ, ತೆಂಗಿನ ಮರ, ಕರೆಂಟ್ ತಂತಿ ಕೆಳಗೆ ಬೇಡ.

ಮೇಘದೂತ್ ಆ್ಯಪ್‌ನಲ್ಲಿ ಮಳೆ ಮಾತ್ರ ನೋಡ್ತೀವಿ. ಅದರಲ್ಲಿ ಗಾಳಿಯ ವೇಗ, ದಿಕ್ಕೂ ಇರುತ್ತೆ. ಔಷಧಿ ಹೊಡೆಯೋಕೆ ನೋಡಿದ ಹಾಗೆ ಗಾಡಿ ತೆಗೆಯೋಕೂ ನೋಡಿ.

ಬಾಳೆಗೆ ಊರುಗೋಲು ಕೊಡ್ತೀವಿ, ಶೇಡ್‌ನೆಟ್‌ಗೆ ಹಗ್ಗ ಬಿಗೀತೀವಿ. ಗಾಳಿ ಏನು ಮಾಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೈಕ್ ಹತ್ತುವಾಗ ಅದನ್ನು ಮರೀಬೇಡಿ.