ಬೆಳೆ ಕಾಯುವ ಬಂದೂಕು: ನಿಧಾನದ ಗುಣ, ನಿಧಾನದ ದೋಷ

ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಟೊಮೆಟೊ ತಾಕು, ಮಾಲೂರಿನ ತರಕಾರಿ ಹೊಲ, ಎಲ್ಲಕ್ಕೂ ರಾತ್ರಿಯ ಕಾವಲು ಅನಿವಾರ್ಯ. ಕಾಡುಹಂದಿಗಳ ಹಿಂಡು ಒಮ್ಮೆ ನುಗ್ಗಿದರೆ ನೆಲಗಡಲೆಯ ಸಾಲುಗಳು ಬುಡಮೇಲಾಗುತ್ತವೆ. ಈ ಕಾವಲಿಗೆ ಕಾನೂನು ಕೊಡುವ ಆಯುಧ ಯಾವುದು? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಮಾತ್ರ ತೋಟಾ ಬಂದೂಕಿಗೆ ಅವಕಾಶವುಂಟು.

ಈ ಆಯ್ಕೆಯ ಹಿಂದೆ ವಿವೇಕವಿಲ್ಲದಿಲ್ಲ. ಮದ್ದು, ಬಿರಡೆ, ಚರೆಗಳನ್ನು ಒಂದೊಂದಾಗಿ ನಳಿಗೆಗಿಳಿಸಿ ಗಜದಿಂದ ದಮ್ಮಸ್ಸು ಮಾಡಿ, ಕೇಪು ಇಡುವಷ್ಟರಲ್ಲಿ ಸಮಯ ಸರಿಯುತ್ತದೆ. ಒಮ್ಮೆ ಹಾರಿಸಿದರೆ ಮತ್ತೆ ಮೊದಲಿನಿಂದಲೇ ಆರಂಭ. ಹೀಗಾಗಿ ಕೋಪದ ಭರದಲ್ಲಿ ಗುಂಡಿನ ಮೇಲೆ ಗುಂಡು ಹಾರಿಸಲಾಗದು. ಅಪರಾಧಿಗಳಿಗೂ ಇದು ಅಷ್ಟಾಗಿ ಒಗ್ಗದು. ಕೇವಲ ಸದ್ದು ಮಾಡಿ ಪ್ರಾಣಿಯನ್ನು ಅಟ್ಟುವುದಷ್ಟೇ ಉದ್ದೇಶವಾದರೆ ಇದಕ್ಕಿಂತ ಹೆಚ್ಚಿನದರ ಅಗತ್ಯವೂ ಇಲ್ಲ.

ಆದರೆ ಆ ನಿಧಾನವೇ ಇನ್ನೊಂದು ಅಪಾಯಕ್ಕೆ ದಾರಿ. ಹಂದಿ ಕಂಡ ಮೇಲೆ ಮದ್ದು ತುಂಬುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಮುಸ್ಸಂಜೆಯಲ್ಲೇ ತುಂಬಿಡುವ ಆಮಿಷ ಸಹಜ. ಹಂದಿ ಬಾರದಿದ್ದರೆ? ತೋಟಾ ಬಂದೂಕನ್ನು ಮುರಿದು ತೋಟಾವನ್ನು ಈಚೆ ತೆಗೆದರೆ ಮುಗಿಯಿತು. ನಳಿಗೆ ಖಾಲಿಯೆಂಬುದು ಕಣ್ಣಿಗೇ ಕಾಣುತ್ತದೆ. ಬಾಯಿಂದ ತುಂಬಿದ್ದನ್ನು ಹಾಗೆ ಹಿಂದೆಗೆಯುವುದು ಸುಲಭವಲ್ಲ. ಮದ್ದು ತುಂಬಿದೆಯೋ ಇಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯದು. ಅಂಥದ್ದು ಮನೆಯ ಮೂಲೆಯಲ್ಲಿದ್ದರೆ ಮಕ್ಕಳ ಕೈಗೆ ಸಿಕ್ಕೀತು. ಮರೆತು ಎರಡನೆಯ ಬಾರಿ ತುಂಬಿದರೆ ನಳಿಗೆ ಸಿಡಿದೀತು. ಕರಿಮದ್ದು ತೇವ ಹೀರುವುದರಿಂದ ಮಳೆಗಾಲದ ರಾತ್ರಿಗಳಲ್ಲಿ ಅದನ್ನು ನಂಬುವಂತಿಲ್ಲ. ಇನ್ನು, ಗಾಯಗೊಂಡ ಹಂದಿ ತಿರುಗಿಬಿದ್ದರೆ ಕಾವಲುಗಾರನಿಗೆ ಎರಡನೆಯ ಗುಂಡಿಲ್ಲ. ಓಡಿಹೋದರೆ ಆ ಮೂಕಪ್ರಾಣಿಗೆ ನರಳಾಟ ತಪ್ಪಿದ್ದಲ್ಲ.

ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಂತೆ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ನಾಶದ ಕಾರಣಕ್ಕೆ ಅದನ್ನು ಕೊಲ್ಲಬೇಕಾದರೂ 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೇರಳ ಸರ್ಕಾರ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಆನೆಯಂತೂ ಮೊದಲನೆಯ ಅನುಸೂಚಿಯ ಪ್ರಾಣಿ.

ಹಾಗಿದ್ದರೆ ಮಾಡಬೇಕಾದುದೇನು? ಅಟ್ಟುವ ಕೆಲಸ, ಕೊಲ್ಲುವ ಕೆಲಸ ಎರಡನ್ನೂ ಬೇರ್ಪಡಿಸಬೇಕು. ಅಟ್ಟುವುದಕ್ಕೆ ಬೇಲಿ, ಬೆಳಕು, ಸಾಮೂಹಿಕ ಕಾವಲು, ಪಟಾಕಿಯ ಸದ್ದು ಮೊದಲ ಸಾಧನಗಳಾಗಲಿ. ಅನುಮತಿ ಪಡೆದು ಕೊಲ್ಲಲೇಬೇಕಾದ ಕಡೆ, ತರಬೇತಿ ಪಡೆದವರ ಕೈಗೆ ಮಾತ್ರ ತೋಟಾ ಬಂದೂಕು ಸಿಗಲಿ. ಕಾಯ್ದೆಯಲ್ಲಿ ಈಗಾಗಲೇ ಇರುವ ವಿನಾಯಿತಿಯನ್ನು ಜಿಲ್ಲಾಡಳಿತ ಬಳಸಿಕೊಂಡರೆ ಇದಕ್ಕೆ ಹೊಸ ಕಾನೂನು ಬೇಕಿಲ್ಲ. ನಿಧಾನವಾಗಿ ತುಂಬುವ ಬಂದೂಕು ತಾನಾಗಿಯೇ ಸುರಕ್ಷಿತವೆಂಬ ನಂಬಿಕೆಯನ್ನಂತೂ ಆಡಳಿತ ಬಿಡಬೇಕು. ಬೆಳಗಿನವರೆಗೂ ತುಂಬಿಯೇ ಉಳಿಯುವ ಬಂದೂಕು ಹಂದಿಗಿಂತ ಮನೆಯವರಿಗೇ ಹೆಚ್ಚು ಅಪಾಯಕಾರಿ.