ಅಮೀರಬಾಯಿಯವರ ವಿರಹಗೀತೆಗಳು

ಮನೆಯಲ್ಲಿ ಪ್ರೇಮಗೀತೆಗಳನ್ನು ಕೇಳಬಹುದೋ ಕೂಡದೋ ಎಂದು ಗೃಹಸ್ಥರು ನಮ್ಮನ್ನು ಆಗಾಗ ಪ್ರಶ್ನಿಸುವದುಂಟು. ಚಿಕ್ಕವರ ಮನಸ್ಸು ಕೆಟ್ಟೀತೆಂಬದು ಅವರ ಭೀತಿ. ಈ ತಿಂಗಳು ಆ ಪ್ರಶ್ನೆಗೆ ನಮ್ಮ ನಾಡಿನ ಗಾಯಿಕೆಯೊಬ್ಬರ ಹಾಡುಗಳ ಮೂಲಕವೇ ಉತ್ತರವನ್ನು ಹೇಳಲೆಳಸುವೆವು.

ನಮ್ಮ ಕರಜಗಿಯ ಕಡೆಯಿಂದ ಭೀಮೆಯನ್ನು ದಾಟಿದರೆ ವಿಜಾಪುರದ ಸೀಮೆ. ಹಿಂದೆ ಆ ಜಿಲ್ಲೆಗೆ ಸೇರಿದ್ದು, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯು ಅಮೀರಬಾಯಿ ಕರ್ನಾಟಕಿಯವರ ಜನ್ಮಸ್ಥಳ. ಸೋದರಿ ಗೋಹರಬಾಯಿಯವರು ರಂಗಭೂಮಿಯಲ್ಲಿ ಹೆಸರಾದಂತೆ, ಮುಂಬಯಿಯನ್ನು ಸೇರಿದ ಅಮೀರಬಾಯಿಯವರು ಚಲಚ್ಚಿತ್ರದಲ್ಲಿ ಹೆಸರಾದರು. 1943ರ ‘ಕಿಸ್ಮತ್’, 1944ರ ‘ರತನ್’ ಎಂಬ ಚಿತ್ರಗಳು ಅವರ ಕಂಠವನ್ನು ದೇಶದ ಮೂಲೆಮೂಲೆಗೆ ಒಯ್ದವು. ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. 1965ರಲ್ಲಿ ಅವರು ತೀರಿಕೊಂಡರು, ಕಂಠವು ಉಳಿದಿದೆ.

ಅವರ ದುಃಖದ ಹಾಡುಗಳಲ್ಲಿ ಎದೆ ಬಡಿದುಕೊಳ್ಳುವ ಆರ್ಭಟವಿಲ್ಲ. ಅಳುವು ಗಂಟಲವರೆಗೆ ಬಂದು ನಿಂತಂತೆ ತೋರುವದು, ಸ್ವರ ಮಾತ್ರ ಕದಲದು. ‘ಕಿಸ್ಮತ್’ ಚಿತ್ರದ ದೀಪಾವಳಿಯ ಹಾಡನ್ನೇ ನೋಡಿರಿ. ರಸವನ್ನು ಕೆರಳಿಸುವ ಸನ್ನಿವೇಶಕ್ಕೆ ಶಾಸ್ತ್ರಕಾರರು ಉದ್ದೀಪನವೆಂದರು. ಇಲ್ಲಿ ನೆರೆಯವರ ಮನೆಯ ದೀಪಗಳೇ ನಾಯಿಕೆಯ ದುಃಖಕ್ಕೆ ಉದ್ದೀಪನವಾಗಿವೆ. ಹಬ್ಬದ ದಿನವೇ ಮನೆಯಲ್ಲಿ ಕೊರತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ರತನ್’ ಚಿತ್ರಕ್ಕೆ ಸಂಗೀತವನ್ನು ಒದಗಿಸಿದವರು ನೌಷಾದರು. ಅದರ ಕಥೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಗೌರಿ, ಗೋವಿಂದ ಇಬ್ಬರೂ ಬಾಲ್ಯದಿಂದ ಒಲಿದವರು. ಜಾತಿ ಬೇರೆಯಾದ ಕಾರಣ ಹಿರಿಯರು ಅವರನ್ನು ಅಗಲಿಸಿ, ಗೌರಿಯನ್ನು ವಯಸ್ಸಿನಲ್ಲಿ ಬಹಳ ದೊಡ್ಡವನಿಗೆ ಕೊಡುವರು. ಆ ಚಿತ್ರದಲ್ಲಿ ಅಮೀರಬಾಯಿಯವರು ಹಾಡಿದ ಅಗಲಿಕೆಯ ಹಾಡಿನಲ್ಲಿ ಯಾರ ಮೇಲೂ ಕೋಪವಿಲ್ಲ. ಆದುದರಿಂದಲೇ ಅದು ಕೇಳುವವರನ್ನು ಹೆಚ್ಚು ಚುಚ್ಚುವದು.

ಒಲಿದವರು ಕೂಡದಿರುವ ಈ ಸ್ಥಿತಿಗೆ ಧನಂಜಯನು ‘ದಶರೂಪಕ’ದಲ್ಲಿ ‘ಅಯೋಗ’ವೆಂದು ಹೆಸರಿಟ್ಟು, ಕಾರಣಗಳನ್ನು ಹೇಳುವಾಗ ದೈವದೊಡನೆ ಪಾರತಂತ್ರ್ಯವನ್ನೂ ಎಣಿಸಿರುವನು. ಎಂದರೆ, ಕನ್ಯೆಯು ಹಿರಿಯರ ಅಧೀನಳಾಗಿರುವದು. ನಾವಾದರೋ ಮಗಳ ಕಣ್ಣೀರಿಗೆಲ್ಲ ದೈವವನ್ನೇ ಹೊಣೆಮಾಡಿ ಸುಮ್ಮನಾಗುವೆವು. ಭವಭೂತಿಯ ಮಾಲತಿಯನ್ನೂ ತಂದೆಯು ಅರಸನ ಇಚ್ಛೆಗೆ ಮಣಿದು ನಂದನನಿಗೆ ಕೊಡಲು ಒಪ್ಪಿದ್ದನು. ಕಾಮಂದಕಿಯೆಂಬ ವೃದ್ಧ ಸನ್ಯಾಸಿನಿಯ ಜಾಣ್ಮೆಯಿಂದ ಅವಳು ಮಾಧವನನ್ನು ಸೇರಿದಳು. ಗೌರಿಗೆ ಅಂಥ ಹಿರಿಯಳೊಬ್ಬಳು ದೊರೆಯಲಿಲ್ಲ. ನಮ್ಮ ಓಣಿಯ ಎಷ್ಟು ಗೌರಿಯರಿಗೆ ದೊರೆತಾರು?

ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ತಾಯಂದಿರು ಹಾಡಿದ್ದರಲ್ಲಿಯೂ ಅಗಲಿಕೆಯ ಹಾಡುಗಳಿದ್ದವು. ತವರಿನಿಂದ ಅಗಲಿದ್ದು, ಒಡಹುಟ್ಟಿದವರಿಂದ ಅಗಲಿದ್ದು. ಅವುಗಳಿಂದ ಯಾವ ಮನೆಯೂ ಕೆಡಲಿಲ್ಲ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಹಾಡು ಹೇಳಿತು, ಹಗುರಾದ ಮನಸ್ಸು ಮತ್ತೆ ಕೆಲಸಕ್ಕೆ ತೊಡಗಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯ ಹುಡುಗಿಯು ಇಂಥ ಹಾಡನ್ನು ಕೇಳುತ್ತಿದ್ದರೆ ಅದನ್ನು ನಿಲ್ಲಿಸಬೇಡಿರಿ. ಮಗ್ಗುಲಲ್ಲಿ ಕುಳಿತು ನೀವೂ ಕೇಳಿರಿ. ಹಾಡು ಮುಗಿದ ಬಳಿಕ ಅವಳ ಮದುವೆಯ ಮಾತನ್ನು ಎತ್ತುವದಿದ್ದರೆ, ವರನ ಹೊಲಮನೆಗಳ ಲೆಕ್ಕಕ್ಕಿಂತ ಮುಂಚೆ ಅವಳ ಮನಸ್ಸನ್ನು ಕೇಳಿರಿ.